ಚೆಂಡು ಹೂ ಬೇರೆ, ಕ್ಯಾಲೆಂಡುಲ ಬೇರೆ: ಚರ್ಮಲೇಪನಗಳಲ್ಲಿ ಹೂವಿನ ಬಳಕೆ

ದಸರಾ, ದೀಪಾವಳಿ ಹಬ್ಬಗಳ ಮುನ್ನಾದಿನ ಚೆಂಡು ಹೂವಿಗೆ ಇರುವ ಬೆಲೆ ಹಬ್ಬ ಮುಗಿದ ಮರುದಿನ ಉಳಿಯುವುದಿಲ್ಲ. ಮಾರಾಟವಾಗದೆ ಉಳಿದ ಹೂವನ್ನು ಮಾರುಕಟ್ಟೆಯ ಬದಿಯಲ್ಲೇ ಸುರಿದು ಊರಿಗೆ ಮರಳುವ ಬೆಳೆಗಾರರಿಗೆ, ಈ ಹೂವಿನಿಂದ ಬೇರೇನಾದರೂ ತಯಾರಿಸಿ ಮಾರಬಾರದೇಕೆ ಎಂಬ ಯೋಚನೆ ಬರುವುದು ಸಹಜ. ಮುಖಕ್ಕೆ ಹಚ್ಚುವ ಎಣ್ಣೆ, ಮುಲಾಮು ಮತ್ತು ಸಾಬೂನುಗಳ ಮೇಲೆ 'ಮೇರಿಗೋಲ್ಡ್ ಹೂವಿನ ಸಾರ' ಎಂಬ ಮಾತು ಕಾಣಿಸತೊಡಗಿದ ಮೇಲೆ ಈ ಯೋಚನೆಗೆ ಇನ್ನಷ್ಟು ಬಲ ಬಂದಿದೆ. ಮಹಿಳಾ ಸ್ವಸಹಾಯ ಸಂಘಗಳಲ್ಲೂ ಈ ಬಗ್ಗೆ ಆಸಕ್ತಿ ಬೆಳೆಯುತ್ತಿದೆ.

ಆಸಕ್ತಿ ಒಳ್ಳೆಯದೇ. ಆದರೆ ಇಲ್ಲಿ ಹೆಸರಿನ ಗೊಂದಲವೊಂದಿದೆ. ಚರ್ಮಕ್ಕೆ ಹಿತವೆಂದು ಹೆಸರಾದ ಹೂವು ನಮ್ಮ ಹೊಲದ ಚೆಂಡು ಹೂವಲ್ಲ. ಒಂದರ ಬದಲು ಇನ್ನೊಂದನ್ನು ಬಳಸಿದರೆ ಹಚ್ಚಿಕೊಂಡವರ ಚರ್ಮ ಬಿಸಿಲಿನಲ್ಲಿ ಸುಟ್ಟಂತಾಗುವ ಸಂಭವವಿದೆ. ಆದುದರಿಂದ ಈ ಎರಡು ಹೂಗಳ ಗುಣ ಮತ್ತು ದೋಷಗಳನ್ನು ಬೆಳೆಗಾರರೂ ಬಳಕೆದಾರರೂ ತಿಳಿದಿರುವುದು ಅಗತ್ಯ.

ಹೆಸರು ಒಂದು, ಗಿಡ ಎರಡು

ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಗಿಡಗಳಿಗೆ 'ಮೇರಿಗೋಲ್ಡ್' ಎಂಬ ಹೆಸರಿದೆ. ಮೊದಲನೆಯದು ನಾವು ಚೆಂಡು ಹೂ ಅಥವಾ ಗೊಂಡೆ ಹೂ ಎಂದು ಕರೆಯುವ ಟ್ಯಾಗೆಟಿಸ್. ಇದರಲ್ಲಿ ದೊಡ್ಡ ಹೂ ಬಿಡುವ ಟ್ಯಾಗೆಟಿಸ್ ಎರೆಕ್ಟ ಮತ್ತು ಗಿಡ್ಡನಾಗಿ ಬೆಳೆದು ಸಣ್ಣ ಹೂ ಬಿಡುವ ಟ್ಯಾಗೆಟಿಸ್ ಪಟುಲ ಎಂಬ ಎರಡು ಪ್ರಭೇದಗಳು ಮುಖ್ಯವಾದವು. ಇವನ್ನು 'ಆಫ್ರಿಕನ್' ಮತ್ತು 'ಫ್ರೆಂಚ್' ಮೇರಿಗೋಲ್ಡ್ ಎಂದು ಕರೆಯುವುದು ರೂಢಿಯಾಗಿದ್ದರೂ ಎರಡರ ತವರು ಮೆಕ್ಸಿಕೋ ಮತ್ತು ಅದರ ಸುತ್ತಲಿನ ನಾಡು.

ಎರಡನೆಯದು ಕ್ಯಾಲೆಂಡುಲ ಅಫಿಸಿನಾಲಿಸ್. ಇದಕ್ಕೆ 'ಪಾಟ್ ಮೇರಿಗೋಲ್ಡ್' ಎಂಬ ಹೆಸರೂ ಇದೆ. ಇದು ದಕ್ಷಿಣ ಯೂರೋಪಿನ ಕಡೆಯ ಗಿಡ. ಅಲ್ಲಿನ ಜನ ಇದರ ಎಸಳುಗಳನ್ನು ಗಾಯ, ತರಚು ಮತ್ತು ಉರಿಗೆ ಹಚ್ಚುವ ಮುಲಾಮಿನಲ್ಲಿ ಶತಮಾನಗಳಿಂದ ಬಳಸುತ್ತ ಬಂದಿದ್ದಾರೆ. ನಮ್ಮಲ್ಲಿ ಇದು ಚಳಿಗಾಲದ ಕೈತೋಟದ ಹೂವಾಗಿ ಪರಿಚಿತ. ಎರಡೂ ಗಿಡಗಳು ಸೂರ್ಯಕಾಂತಿ ಮತ್ತು ಸೇವಂತಿಗೆಯ ಕುಟುಂಬಕ್ಕೆ ಸೇರಿವೆ. ಆದರೆ ಜಾತಿ ಬೇರೆ, ಅವುಗಳೊಳಗಿನ ರಾಸಾಯನಿಕ ವಸ್ತುಗಳೂ ಬೇರೆ.

ಗುರುತಿಸುವ ಬಗೆ

ಬಿಡಿಸಿ ಒಣಗಿಸಿದ ಎಸಳುಗಳನ್ನು ನೋಡಿ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಹೊಲದಲ್ಲಿ ನಿಂತಾಗ ಮಾತ್ರ ಯಾರು ಬೇಕಾದರೂ ಗುರುತಿಸಬಹುದು.

ಎಲೆ: ಚೆಂಡು ಹೂವಿನ ಎಲೆ ಗರಿಯಂತೆ ಸೀಳಿಕೊಂಡಿದ್ದು ಅಂಚು ಹಲ್ಲುಹಲ್ಲಾಗಿರುತ್ತದೆ. ಬೆಳಕಿಗೆ ಹಿಡಿದರೆ ಎಣ್ಣೆಯ ಸಣ್ಣ ಚುಕ್ಕೆಗಳು ಕಾಣುತ್ತವೆ. ಕ್ಯಾಲೆಂಡುಲದ ಎಲೆ ಸೀಳಿಲ್ಲದೆ ಉದ್ದವಾಗಿ ಇಡಿಯಾಗಿರುತ್ತದೆ. ಮೇಲೆ ನವಿರಾದ ರೋಮಗಳಿರುತ್ತವೆ.

ವಾಸನೆ: ಚೆಂಡು ಹೂವಿನ ಎಲೆಯನ್ನು ಉಜ್ಜಿದರೆ ಬರುವ ಘಾಟು ವಾಸನೆ ಎಲ್ಲರಿಗೂ ಗೊತ್ತು. ಕ್ಯಾಲೆಂಡುಲದಲ್ಲಿ ಅಷ್ಟು ಘಾಟಿಲ್ಲ. ಆದರೆ ಅದರ ಹೂ ಬಿಡಿಸುವಾಗ ಬೆರಳಿಗೆ ಅಂಟು ಹತ್ತುತ್ತದೆ.

ಬೀಜ: ಚೆಂಡು ಹೂವಿನ ಬೀಜ ಸೂಜಿಯಂತೆ ನೇರವಾಗಿ, ಕಪ್ಪಾಗಿದ್ದು ತುದಿಯಲ್ಲಿ ಬಿಳಿಯ ಕುಚ್ಚು ಇರುತ್ತದೆ. ಕ್ಯಾಲೆಂಡುಲದ ಬೀಜ ಕೊಕ್ಕೆಯಂತೆ ಬಾಗಿ, ಕಂದು ಬಣ್ಣದ್ದಾಗಿ, ಬೆನ್ನ ಮೇಲೆ ಒರಟು ಗಂಟುಗಳನ್ನು ಹೊಂದಿರುತ್ತದೆ. ಬಿತ್ತನೆಗೆ ಮುಂಚೆ ಬೀಜವನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿದರೆ ಮೋಸ ಹೋಗುವ ಪ್ರಸಂಗವೇ ಇಲ್ಲ.

ಕ್ಯಾಲೆಂಡುಲ ಚರ್ಮಕ್ಕೆ ಎಷ್ಟು ಹಿತ?

ಕ್ಯಾಲೆಂಡುಲ ಎಸಳಿನಲ್ಲಿ ಹಳದಿ ಮತ್ತು ಕಿತ್ತಳೆ ಬಣ್ಣ ಕೊಡುವ ಕೆರೊಟಿನಾಯಿಡುಗಳು, ಫ್ಲೇವನಾಯಿಡುಗಳು ಮತ್ತು ಟ್ರೈಟರ್ಪಿನಾಯಿಡ್ ಗುಂಪಿನ ವಸ್ತುಗಳು ಇವೆ. ಈ ಕೊನೆಯ ಗುಂಪಿನ ಫ್ಯಾರಡಿಯಾಲ್ ಎಂಬ ವಸ್ತುವಿನ ಎಸ್ಟರುಗಳಿಗೆ ಬಾವು ಮತ್ತು ಕೆಂಪನ್ನು ಇಳಿಸುವ ಗುಣವಿರುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಇವು ಎಣ್ಣೆಯಲ್ಲಿ ಕರಗುವುದರಿಂದ ಎಸಳನ್ನು ಎಣ್ಣೆಯಲ್ಲಿ ನೆನೆಸುವ ಹಳೆಯ ಪದ್ಧತಿಗೆ ಅರ್ಥವಿದೆ.

ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಬಹುಕಾಲದ ರೂಢಿಯ ಆಧಾರದ ಮೇಲೆ, ಚರ್ಮದ ಸಣ್ಣಪುಟ್ಟ ಉರಿಯೂತ ಮತ್ತು ಸಣ್ಣ ಗಾಯಗಳಿಗೆ ಕ್ಯಾಲೆಂಡುಲ ಹೂವಿನ ಬಳಕೆಯನ್ನು ಒಪ್ಪಿದೆ. ಇದು ರೂಢಿಯ ಆಧಾರದ ಒಪ್ಪಿಗೆಯೇ ಹೊರತು ರೋಗಿಗಳ ಮೇಲಿನ ಪರೀಕ್ಷೆಗಳಿಂದ ಸಿದ್ಧಪಟ್ಟ ಫಲವೆಂದಲ್ಲ ಎಂಬುದನ್ನು ಗಮನಿಸಬೇಕು.

ಪರೀಕ್ಷೆಗಳ ಫಲಿತಾಂಶ ಒಂದೇ ಬಗೆಯಾಗಿಲ್ಲ. ಸ್ತನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವಾಗ ಚರ್ಮ ಕೆಂಪಾಗಿ ಸುಲಿಯುವುದುಂಟು. ಫ್ರಾನ್ಸ್ ದೇಶದಲ್ಲಿ ಇಂತಹ 254 ಮಹಿಳೆಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರೂಢಿಯ ಔಷಧ ಹಚ್ಚಿಕೊಂಡವರ ಪೈಕಿ ಶೇಕಡಾ 63 ಮಂದಿಗೆ ಈ ತೊಂದರೆ ಮಧ್ಯಮ ಅಥವಾ ಅದಕ್ಕಿಂತ ತೀವ್ರ ಮಟ್ಟದಲ್ಲಿ ಕಾಣಿಸಿಕೊಂಡರೆ, ಕ್ಯಾಲೆಂಡುಲ ಮುಲಾಮು ಹಚ್ಚಿಕೊಂಡವರ ಪೈಕಿ ಶೇಕಡಾ 41 ಮಂದಿಗೆ ಮಾತ್ರ ಕಾಣಿಸಿತು. ಆದರೆ ಸ್ವೀಡನ್ ದೇಶದಲ್ಲಿ 400ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಕ್ಯಾಲೆಂಡುಲ ಲೇಪಕ್ಕೂ ಸಾಮಾನ್ಯ ತೇವಕಾರಕ ಲೇಪಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಒಟ್ಟಿನಲ್ಲಿ, ಕ್ಯಾಲೆಂಡುಲ ಎಣ್ಣೆ ಒಣಗಿ ಬಿರಿದ ಚರ್ಮಕ್ಕೆ ಹಿತವಾದ ಲೇಪ ಎನ್ನಬಹುದು. ಅದಕ್ಕಿಂತ ಹೆಚ್ಚಿನ ಮಾತು ಸದ್ಯಕ್ಕೆ ಸಲ್ಲದು.

ಚೆಂಡು ಹೂವಿನ ಸಾರ ಏಕೆ ಬೇಡ?

ಟೊಮ್ಯಾಟೊ ಬೆಳೆಗಾರರಿಗೆ ಚೆಂಡು ಹೂವಿನ ಇನ್ನೊಂದು ಉಪಯೋಗ ಗೊತ್ತಿದೆ. ಬೇರುಗಂಟು ಜಂತುಹುಳುವಿನ ಬಾಧೆಯಿರುವ ಭೂಮಿಯಲ್ಲಿ ಚೆಂಡು ಹೂ ಬೆಳೆದರೆ ಬಾಧೆ ತಗ್ಗುತ್ತದೆ. ಇದಕ್ಕೆ ಮುಖ್ಯ ಕಾರಣ ಆಲ್ಫಾ ಟರ್ಥೈನಿಲ್ ಎಂಬ ಗಂಧಕಯುಕ್ತ ವಸ್ತು. 1947ರಲ್ಲಿ ಇದನ್ನು ಚೆಂಡು ಹೂವಿನಿಂದ ಬೇರ್ಪಡಿಸಲಾಯಿತು. ಇದಕ್ಕೆ ಜಂತುಹುಳುಗಳನ್ನು ಕೊಲ್ಲುವ ಶಕ್ತಿಯಿದೆ ಎಂಬುದನ್ನು 1958ರಲ್ಲಿ ಹಾಲೆಂಡಿನ ಸಂಶೋಧಕರು ತೋರಿಸಿದರು. ಈ ವಸ್ತು ಬೇರಿನಲ್ಲಿ ಹೆಚ್ಚು, ಹೂವಿನಲ್ಲಿ ಕಡಿಮೆ. ಆದರೂ ಹೂವಿನ ಸಾರ ತೆಗೆದಾಗ ಅದರೊಡನೆ ಬರುತ್ತದೆ.

ಬೆಳೆಗೆ ನೆರವಾಗುವ ಇದೇ ವಸ್ತು ಚರ್ಮಕ್ಕೆ ಅಪಾಯಕಾರಿ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳನ್ನು ಇದು ಹೀರಿಕೊಳ್ಳುತ್ತದೆ. ಹೀರಿಕೊಂಡ ಶಕ್ತಿಯನ್ನು ಅಕ್ಕಪಕ್ಕದ ಆಮ್ಲಜನಕಕ್ಕೆ ದಾಟಿಸಿ ಅದನ್ನು ಅತಿ ಚುರುಕುಗೊಳಿಸುತ್ತದೆ. ಹಾಗೆ ಚುರುಕಾದ ಆಮ್ಲಜನಕ ಜೀವಕೋಶಗಳ ಪೊರೆಯನ್ನು ಘಾಸಿಗೊಳಿಸುತ್ತದೆ. ಇದರಿಂದ ಚರ್ಮ ಉರಿದು ಕೆಂಪಾಗಬಹುದು, ಆಮೇಲೆ ಕಪ್ಪು ಕಲೆ ಉಳಿಯಬಹುದು. ಇದು ಒಗ್ಗದಿಕೆಯಲ್ಲ. ಪ್ರಮಾಣ ಸಾಕಷ್ಟಿದ್ದು ಬಿಸಿಲು ತಗಲಿದರೆ ಯಾರಿಗಾದರೂ ಆಗಬಹುದು. ದಿನವಿಡೀ ಹೊಲದಲ್ಲಿ ದುಡಿಯುವವರಿಗಂತೂ ಈ ಅಪಾಯ ಹೆಚ್ಚು.

ಈ ಕಾರಣದಿಂದ ಯೂರೋಪಿಯನ್ ಒಕ್ಕೂಟವು 2018ರ ನಿಯಮದ ಮೂಲಕ ಟ್ಯಾಗೆಟಿಸ್ ಎರೆಕ್ಟ ಹೂವಿನ ಸಾರ ಮತ್ತು ಸುಗಂಧ ತೈಲವನ್ನು ಸೌಂದರ್ಯ ಸಾಧನಗಳಲ್ಲಿ ಬಳಸುವುದನ್ನು ನಿಷೇಧಿಸಿತು. ಟ್ಯಾಗೆಟಿಸ್ ಪಟುಲ ಮತ್ತು ಟ್ಯಾಗೆಟಿಸ್ ಮಿನುಟ ಪ್ರಭೇದಗಳ ಸಾರ ಹಾಗೂ ತೈಲಗಳಿಗೆ, ಹಚ್ಚಿ ಹಾಗೆಯೇ ಬಿಡುವ ಲೇಪನಗಳಲ್ಲಿ ಶೇಕಡಾ 0.01, ತೊಳೆದುಬಿಡುವ ಸಾಧನಗಳಲ್ಲಿ ಶೇಕಡಾ 0.1 ಮಿತಿ ವಿಧಿಸಿತು. ಬಿಸಿಲಿನಿಂದ ರಕ್ಷಣೆ ಕೊಡುವ ಲೇಪನಗಳಲ್ಲಿ ಇವನ್ನು ಬಳಸಲೇಬಾರದೆಂದಿತು. ಶೇಕಡಾ 0.01 ಎಂದರೆ 10 ಕಿಲೋ ಲೇಪನಕ್ಕೆ 1 ಗ್ರಾಂ. ಅಡುಗೆಮನೆಯ ತಕ್ಕಡಿಯಿಂದ ಅನುಸರಿಸಬಹುದಾದ ಅಳತೆಯಲ್ಲ ಇದು.

ಹಾಗೆಂದು ಚೆಂಡು ಹೂ ಮುಟ್ಟಲು, ಮಾಲೆ ಕಟ್ಟಲು, ಪೂಜೆಗೆ ಬಳಸಲು ಹೆದರಬೇಕಾಗಿಲ್ಲ. ಅಪಾಯವಿರುವುದು ಸಾರ ತೆಗೆದು ಚರ್ಮಕ್ಕೆ ಹಚ್ಚಿ ಬಿಸಿಲಿಗೆ ಹೋಗುವುದರಲ್ಲಿ. ಕಾರ್ಖಾನೆಗಳು ಒಣ ಎಸಳಿನಿಂದ ಬೇರ್ಪಡಿಸಿ ಶುದ್ಧಗೊಳಿಸುವ ಲ್ಯೂಟಿನ್ ವರ್ಣದ್ರವ್ಯವೂ ಬೇರೆಯದೇ ವಸ್ತು. ಅದನ್ನು ಮನೆಯಲ್ಲಿ ತೆಗೆಯಲಾಗದು.

ಯಾರು ಎಚ್ಚರ ವಹಿಸಬೇಕು?

ಕ್ಯಾಲೆಂಡುಲಕ್ಕೆ ಬಿಸಿಲಿನ ಈ ದೋಷವಿಲ್ಲ. ಆದರೂ ಅದು ಎಲ್ಲರಿಗೂ ಒಗ್ಗುತ್ತದೆಂದು ಹೇಳಲಾಗದು. ಆಸ್ಟ್ರಿಯಾ ದೇಶದಲ್ಲಿ ಚರ್ಮದ ತೊಂದರೆಗೆಂದು ಬಂದ 443 ಮಂದಿಯನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ 9 ಮಂದಿಗೆ, ಅಂದರೆ ಶೇಕಡಾ 2ರಷ್ಟು ಜನರಿಗೆ, ಕ್ಯಾಲೆಂಡುಲ ಒಗ್ಗದಿರುವುದು ಕಂಡುಬಂದಿತು.

ನಮ್ಮ ರೈತರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ, ಇದೇ ಕುಟುಂಬದ ಗಿಡ. ಅದನ್ನು ಕೀಳುವಾಗ ಮುಖ, ಕತ್ತು, ಮೊಣಕೈ ಸಂದುಗಳಲ್ಲಿ ತುರಿಕೆ ಎದ್ದು ಚರ್ಮ ದಪ್ಪಗಟ್ಟುವವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಒಂದು ಗಿಡಕ್ಕೆ ಹೀಗೆ ಸೂಕ್ಷ್ಮವಾದ ಚರ್ಮ ಅದೇ ಕುಟುಂಬದ ಇತರ ಗಿಡಗಳಿಗೂ ಕೆರಳುವುದುಂಟು. ಆದುದರಿಂದ ಕಾಂಗ್ರೆಸ್ ಕಳೆಯಿಂದಾಗಲಿ ಸೇವಂತಿಗೆಯಿಂದಾಗಲಿ ತುರಿಕೆ ಬರುವವರು ಕ್ಯಾಲೆಂಡುಲ ಎಣ್ಣೆಯಿಂದ ದೂರವಿರುವುದೇ ಕ್ಷೇಮ.

ಉಳಿದವರು ಮೊದಲು ಮೊಣಕೈ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಬಾರಿಯಂತೆ 7 ದಿನ ಹಚ್ಚಿ ನೋಡಬೇಕು. ತುರಿಕೆ, ಕೆಂಪು, ಗುಳ್ಳೆ ಕಾಣಿಸಿದರೆ ಕೂಡಲೇ ತೊಳೆದು ನಿಲ್ಲಿಸಬೇಕು. ಏನೂ ಆಗದಿದ್ದರೆ ಮಾತ್ರ ಮುಖಕ್ಕೆ ಬಳಸಬಹುದು.

ಕುಡುಗೋಲು, ಸಲಿಕೆ, ಮುಳ್ಳುಗಳಿಂದಾದ ಆಳವಾದ ಗಾಯಕ್ಕೆ ಯಾವ ಹೂವಿನ ಎಣ್ಣೆಯೂ ಮದ್ದಲ್ಲ. ಮಣ್ಣು, ಸಗಣಿ ತಗಲಿದ ಗಾಯದಿಂದ ಧನುರ್ವಾಯು ಬರಬಹುದು. ಅಂತಹ ಗಾಯವನ್ನು ಸಾಬೂನು ನೀರಿನಿಂದ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಬಗ್ಗೆ ವಿಚಾರಿಸಬೇಕು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೂ ಇದೇ ಮಾತು ಅನ್ವಯಿಸುತ್ತದೆ.

ಬೇಸಾಯ ಕ್ರಮ

ಕ್ಯಾಲೆಂಡುಲ ತಂಪು ಹವೆಯ ಬೆಳೆ. ನಮ್ಮ ಮೈದಾನ ಪ್ರದೇಶಗಳಲ್ಲಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಸಸಿಮಡಿಯಲ್ಲಿ ಬೀಜ ಬಿತ್ತಿ, ಸುಮಾರು 4 ವಾರದ ಸಸಿಗಳನ್ನು 30 ಸೆಂ.ಮೀ. ಅಂತರದಲ್ಲಿ ನಾಟಿ ಮಾಡುವುದು ಸೂಕ್ತ. ನೀರು ಬಸಿದುಹೋಗುವ, ಬಿಸಿಲು ಚೆನ್ನಾಗಿ ಬೀಳುವ ಭೂಮಿ ಬೇಕು. ನಾಟಿಗೆ ಮುಂಚೆ ಎಕರೆಗೆ 8ರಿಂದ 10 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಬೇಕು. ಸಾರಜನಕ ಹೆಚ್ಚಾದರೆ ಸೊಪ್ಪು ಬೆಳೆದು ಹೂ ಕಡಿಮೆಯಾಗುತ್ತದೆ. ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂ ಬರಲು ತೊಡಗಿ, ಬೇಸಿಗೆಯ ಬಿಸಿಲು ಏರುವವರೆಗೆ ಮುಂದುವರಿಯುತ್ತದೆ. ಎರಡು-ಮೂರು ದಿನಕ್ಕೊಮ್ಮೆ ಬಿಡಿಸುತ್ತಿದ್ದರೆ ಹೊಸ ಮೊಗ್ಗು ಬರುತ್ತಿರುತ್ತದೆ. ಬೀಜ ಕಟ್ಟಲು ಬಿಟ್ಟರೆ ಹೂ ನಿಲ್ಲುತ್ತದೆ.

ಹೇನು ಮತ್ತು ಬೂದಿ ರೋಗ ಇದರ ಮುಖ್ಯ ಪೀಡೆಗಳು. ಚರ್ಮಕ್ಕೆ ಹಚ್ಚುವ ವಸ್ತುವಿಗೆ ಬೆಳೆಯುವ ಹೂವಾದುದರಿಂದ ಹೂ ಬಿಡುವ ಕಾಲದಲ್ಲಿ ಕೀಟನಾಶಕ ಸಿಂಪಡಿಸಲೇಬಾರದು. ಇದಕ್ಕೆ ಕಾರಣವನ್ನು ಮುಂದಿನ ಲೆಕ್ಕದಿಂದ ತಿಳಿಯಬಹುದು.

ಕೊಯ್ಲು ಮತ್ತು ಒಣಗಿಸುವಿಕೆ

ಬೆಳಗಿನ ಇಬ್ಬನಿ ಆರಿದ ಮೇಲೆ, ಪೂರ್ತಿ ಅರಳಿದ ಹೂಗಳನ್ನು ಬಿಡಿಸಬೇಕು. ನೆರಳಿನಲ್ಲಿ, ಗಾಳಿಯಾಡುವ ಕಡೆ, ಶುಭ್ರವಾದ ಬಟ್ಟೆ ಅಥವಾ ಜಾಲರಿಯ ಮೇಲೆ ತೆಳುವಾಗಿ ಹರಡಬೇಕು. ನೇರ ಬಿಸಿಲಿಗೆ ಹಾಕಿದರೆ ಬಣ್ಣ ಮಾಸುತ್ತದೆ. ಎಸಳು ಗರಿಗರಿಯಾಗಿ ಮುರಿಯುವಂತಾದಾಗ ಒಣಗಿತೆಂದು ತಿಳಿಯಬೇಕು.

100 ಕಿಲೋ ತಾಜಾ ಹೂವಿನಲ್ಲಿ 85 ಕಿಲೋ ನೀರಿದೆ ಎಂದಿಟ್ಟುಕೊಳ್ಳೋಣ. ಅದನ್ನು ಶೇಕಡಾ 10 ತೇವಾಂಶಕ್ಕೆ ಒಣಗಿಸಿದಾಗ ಉಳಿಯುವುದು 16ರಿಂದ 17 ಕಿಲೋ. ಅಂದರೆ ಆರು ಕಿಲೋ ಹಸಿ ಹೂವಿಗೆ ಒಂದು ಕಿಲೋ ಒಣ ಹೂ. ಬೆಲೆ ಗೊತ್ತುಪಡಿಸುವಾಗ ಈ ಲೆಕ್ಕ ನೆನಪಿರಬೇಕು. ಒಣಗುವಾಗ ನೀರು ಆವಿಯಾಗುತ್ತದೆ, ಹೂವಿನ ಮೇಲೆ ಉಳಿದ ಕೀಟನಾಶಕ ಆರಿಹೋಗದಿದ್ದರೆ ಅದರ ಸಾಂದ್ರತೆಯೂ ಆರು ಪಟ್ಟಾಗುತ್ತದೆ. ಎಣ್ಣೆಯಲ್ಲಿ ಕರಗುವ ಕೀಟನಾಶಕಗಳು ನೇರವಾಗಿ ಲೇಪಕ್ಕೆ ಇಳಿಯುತ್ತವೆ. ಮಾರುಕಟ್ಟೆಯಲ್ಲಿ ಉಳಿದ ಹೂ, ಗುಡಿಗಳಲ್ಲಿ ತೆಗೆದ ಮಾಲೆ ಮುಂತಾದವುಗಳಿಗೆ ಯಾವ ಔಷಧ ಸಿಂಪಡಿಸಿದ್ದರೆಂದು ಹೇಳಲಾಗದು. ಅವನ್ನು ಗೊಬ್ಬರದ ಗುಂಡಿಗೆ ಹಾಕುವುದೇ ಸರಿ.

ಎಣ್ಣೆ ತಯಾರಿಸುವ ವಿಧಾನ

ಮನೆ ಬಳಕೆಗೆ ಒಂದು ಭಾಗ ಒಣ ಎಸಳಿಗೆ ತೂಕದಲ್ಲಿ ಹತ್ತು ಭಾಗ ಎಣ್ಣೆ ಸಾಕು, ಅಂದರೆ 100 ಗ್ರಾಂ ಎಸಳಿಗೆ 1 ಕಿಲೋ ಎಣ್ಣೆ. ಗಾಣದ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಉತ್ತಮ. ಕುಸುಬೆ ಮತ್ತು ಸೂರ್ಯಕಾಂತಿ ಎಣ್ಣೆಗಳು ಬೇಗ ಕಮಟಾಗುವುದರಿಂದ ಅಷ್ಟು ಸೂಕ್ತವಲ್ಲ. ತೊಳೆದು ಪೂರ್ತಿ ಒಣಗಿಸಿದ ಗಾಜಿನ ಭರಣಿಯಲ್ಲಿ ಎಸಳು ಮುಳುಗುವಂತೆ ಎಣ್ಣೆ ಹುಯ್ದು, ಮುಚ್ಚಿ, ಬೆಳಕು ಬೀಳದ ಬೆಚ್ಚಗಿನ ಜಾಗದಲ್ಲಿ 2ರಿಂದ 3 ವಾರ ಇಡಬೇಕು. ಆಗಾಗ ಅಲುಗಾಡಿಸುತ್ತಿರಬೇಕು. ಬಳಿಕ ತೆಳು ಬಟ್ಟೆಯಲ್ಲಿ ಸೋಸಿ, ಕಂದು ಬಣ್ಣದ ಸೀಸೆಗಳಲ್ಲಿ ತುಂಬಿ, ತಯಾರಿಸಿದ ದಿನಾಂಕ ಬರೆದಿಡಬೇಕು.

ಹಸಿ ಎಸಳನ್ನು ಎಂದೂ ಎಣ್ಣೆಗೆ ಹಾಕಬಾರದು. ಅದರ ನೀರು ತಳದಲ್ಲಿ ಸೇರಿ ಬೂಷ್ಟು ಮತ್ತು ಸೂಕ್ಷ್ಮಾಣುಗಳಿಗೆ ಆಸರೆಯಾಗುತ್ತದೆ. ನೀರು ಬೆರೆಸಿದ ಕ್ರೀಮುಗಳಿಗೆ ಸಂರಕ್ಷಕ ವಸ್ತು ಅಗತ್ಯವಾದುದರಿಂದ ಅವನ್ನು ಮನೆಯಲ್ಲಿ ತಯಾರಿಸಿ ದಿನಗಟ್ಟಲೆ ಇಡಬಾರದು. ಕಮಟು ವಾಸನೆ ಬಂದ ಎಣ್ಣೆಯನ್ನು ಚೆಲ್ಲಿಬಿಡಬೇಕು.

ಮಾರಾಟಕ್ಕೆ ಮುನ್ನ

ತಾವೇ ಮಾಡಿ ತಾವೇ ಬಳಸುವುದು ಒಂದು ಮಾತು, ಮಾಡಿ ಮಾರುವುದು ಇನ್ನೊಂದು ಮಾತು. 1940ರ ಔಷಧ ಮತ್ತು ಸೌಂದರ್ಯ ಸಾಧನಗಳ ಕಾಯಿದೆ ಹಾಗೂ 2020ರ ಸೌಂದರ್ಯ ಸಾಧನಗಳ ನಿಯಮಗಳ ಪ್ರಕಾರ, ಮಾರಾಟಕ್ಕಾಗಿ ಇವನ್ನು ತಯಾರಿಸಲು ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಪರವಾನಗಿ ಪಡೆಯಬೇಕು. ಪರವಾನಗಿಯಿರುವ ಘಟಕದಲ್ಲಿ ತಮ್ಮ ಹೂವಿನಿಂದ ತಯಾರಿಸಿಕೊಳ್ಳುವ ದಾರಿಯನ್ನೂ ಸಂಘಗಳು ವಿಚಾರಿಸಬಹುದು. ಸೀಸೆಯ ಮೇಲೆ ಒಳಗಿರುವ ವಸ್ತುಗಳು, ತಯಾರಿಕೆಯ ತಂಡದ ಸಂಖ್ಯೆ, ಬಳಸಬಹುದಾದ ಅವಧಿ ಮುಂತಾದ ವಿವರಗಳಿರಬೇಕು. 'ಮೇರಿಗೋಲ್ಡ್' ಎಂದಷ್ಟೇ ಬರೆಯದೆ ಗಿಡದ ಪೂರ್ಣ ಹೆಸರು ನಮೂದಿಸಬೇಕು. ಗಾಯ ಮಾಯಿಸುತ್ತದೆ, ಚರ್ಮರೋಗ ವಾಸಿ ಮಾಡುತ್ತದೆ ಎಂದು ಬರೆದರೆ ಅದು ಸೌಂದರ್ಯ ಸಾಧನವಾಗಿ ಉಳಿಯದೆ ಔಷಧವೆನಿಸಿಕೊಂಡು ಬೇರೆ ನಿಯಮಗಳಿಗೆ ಒಳಪಡುತ್ತದೆ.

ಕ್ಯಾಲೆಂಡುಲಕ್ಕೆ ಚೆಂಡು ಹೂವಿನಂತೆ ದಿನನಿತ್ಯದ ಸಂತೆಯಿಲ್ಲ. ಆದುದರಿಂದ ಕೊಳ್ಳುವವರೊಡನೆ ಬೆಲೆ, ತೇವಾಂಶ ಮತ್ತು ಪ್ರಮಾಣದ ಬಗ್ಗೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳದೆ ಎಕರೆಗಟ್ಟಲೆ ನಾಟಿ ಮಾಡಬಾರದು. ಮೊದಲ ವರ್ಷ ಒಂದೆರಡು ಗುಂಟೆಯಲ್ಲಿ ಬೆಳೆದು ನೋಡುವುದು ಜಾಣತನ.

ಚೆಂಡು ಹೂವಿಗೆ ಅದರದೇ ಉಪಯೋಗಗಳಿವೆ

ಚೆಂಡು ಹೂವಿನ ಬೆಳೆಗಾರರು ನಿರಾಶರಾಗಬೇಕಿಲ್ಲ. ಗುಂಡ್ಲುಪೇಟೆ ಮುಂತಾದ ಕಡೆ ಇದನ್ನು ವರ್ಣದ್ರವ್ಯಕ್ಕಾಗಿಯೇ ಒಪ್ಪಂದದ ಮೇಲೆ ಬೆಳೆಯುತ್ತಾರೆ. ಈ ಲ್ಯೂಟಿನ್ ಕೋಳಿ ಆಹಾರದಲ್ಲಿ ಸೇರಿ ಮೊಟ್ಟೆಯ ಹಳದಿಗೆ ಬಣ್ಣ ಕೊಡುತ್ತದೆ. ಬಟ್ಟೆಗೆ ಹಾಕುವ ಬಣ್ಣಕ್ಕೂ ಎಸಳು ಉಪಯುಕ್ತ. ಟೊಮ್ಯಾಟೊ ಹೊಲದಲ್ಲಿ ಪ್ರತಿ 16 ಸಾಲಿಗೆ 1 ಸಾಲು ಚೆಂಡು ಹೂ ಹಾಕಿದರೆ ಕಾಯಿಕೊರಕದ ಪತಂಗ ಅದರ ಮೇಲೆ ಮೊಟ್ಟೆಯಿಡುತ್ತದೆ. ಇದಕ್ಕಾಗಿ 25 ದಿನದ ಟೊಮ್ಯಾಟೊ ಸಸಿಗಳ ಜೊತೆ ಸುಮಾರು 40 ದಿನದ ಚೆಂಡು ಹೂ ಸಸಿಗಳನ್ನು ನೆಟ್ಟರೆ ಎರಡೂ ಒಟ್ಟಿಗೆ ಹೂ ಬಿಡುತ್ತವೆ.

ನೆನಪಿಡಬೇಕಾದ ಅಂಶಗಳು

1. ಚರ್ಮಲೇಪನಕ್ಕೆ ಸೂಕ್ತವಾದುದು ಕ್ಯಾಲೆಂಡುಲ. ಚೆಂಡು ಹೂವಿನ ಸಾರ ಅಥವಾ ಎಣ್ಣೆಯನ್ನು ಮೈಗೆ ಹಚ್ಚಬಾರದು.

2. ಬೀಜ ಕೊಳ್ಳುವಾಗ ನೋಡಿ ಕೊಳ್ಳಬೇಕು. ಬಾಗಿದ ಒರಟು ಬೀಜ ಕ್ಯಾಲೆಂಡುಲ, ನೇರವಾದ ಕಪ್ಪು ಬೀಜ ಚೆಂಡು ಹೂ.

3. ಕಾಂಗ್ರೆಸ್ ಕಳೆಯಿಂದ ತುರಿಕೆ ಬರುವವರು ಕ್ಯಾಲೆಂಡುಲವನ್ನೂ ಬಳಸಬಾರದು. ಉಳಿದವರು 7 ದಿನ ಪರೀಕ್ಷಿಸಿ ಬಳಸಬೇಕು.

4. ಔಷಧ ಸಿಂಪಡಿಸಿದ ಹೂ, ಹಸಿ ಹೂ, ಮಾರುಕಟ್ಟೆಯಲ್ಲಿ ಉಳಿದ ಹೂ ಇವು ಮೂರೂ ಎಣ್ಣೆಗೆ ಸಲ್ಲವು.

5. ಪರವಾನಗಿಯಿಲ್ಲದೆ ಮಾರಾಟಕ್ಕೆ ತಯಾರಿಸಬಾರದು.

ಹೊಸ ಬೆಳೆಗೆ ಕೈಹಾಕುವ ಮುನ್ನ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯವರನ್ನು ವಿಚಾರಿಸುವುದು ಒಳ್ಳೆಯದು. ಹೂವಿನ ಹೆಸರು ಸರಿಯಾಗಿ ತಿಳಿದು ಬೆಳೆದರೆ ಬೆಳೆದವರಿಗೂ ಲಾಭ, ಹಚ್ಚಿಕೊಂಡವರಿಗೂ ಕ್ಷೇಮ.